ಮನೆ ಓನರ್ ತಿಮ್ಮಯ್ಯನವರು ಬಾಡಿಗೆ ಮನೆ ಹುಡುಕಿದ್ದು

ನಾಯಂಡಹಳ್ಳಿಯ ತಿಮ್ಮಯ್ಯನವರಿಗೆ ಈಗ ಎಪ್ಪತ್ತೊಂದು. ಇದರಲ್ಲಿ ಮೂವತ್ತೆಂಟು ವರ್ಷ ಅವರು ಮನೆ ಓನರ್ ಆಗಿದ್ದರು. ಅದೂ ಒಂದು ಕೆಲಸವೇ ಅಂತ ಯಾರಾದರೂ ಕೇಳಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ನೀರಿನ ಮೋಟರ್ ಹಾಕಬೇಕು, ಆರಕ್ಕೆ ಆರಿಸಬೇಕು. ಆಮೇಲೆ ಗೇಟಿನ ಬಳಿ ಚೇರು ಹಾಕಿಕೊಂಡು ಯಾರ ಮನೆಗೆ ಪಾರ್ಸೆಲ್ ಬಂತು, ಯಾರು ಗಾಡಿ ತೊಳೆಯೋಕೆ ಕುಡಿಯುವ ನೀರು ಹಿಡಿದರು, ಯಾರ ಕಸದ ಬುಟ್ಟಿಯಲ್ಲಿ ಪಿಜ್ಜಾ ಡಬ್ಬ ಇದೆ ಅಂತ ನೋಡಬೇಕು. ಇಷ್ಟೆಲ್ಲ ಮಾಡಿ ಒಂದನೇ ತಾರೀಕು ಬಾಡಿಗೆ ಬರುವ ಹೊತ್ತಿಗೆ ಮನುಷ್ಯ ಸುಸ್ತಾಗಿ ಹೋಗುವುದಿಲ್ಲವೇ?

ಮೈಸೂರು ರಸ್ತೆಯಿಂದ ಒಳಕ್ಕೆ, ಗ್ಯಾರೇಜುಗಳ ಸಾಲು ದಾಟಿದರೆ ಅವರ ಕಟ್ಟಡ. ನಲವತ್ತು ಅರವತ್ತರ ಸೈಟು, ಮೂರು ಅಂತಸ್ತು, ಅವರ ಸಂಸಾರ ಬಿಟ್ಟು ಎಂಟು ಬಾಡಿಗೆ ಮನೆ. ಸೈಟು ಹೇಗೆ ಬಂತು ಅಂದರೆ, ಅಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರು. ಬೆಂಗಳೂರು ಬೆಳೆದು ಬೆಳೆದು ಊರೊಳಕ್ಕೆ ಕಾಲಿಟ್ಟಾಗ ಹೊಲ ಸೈಟುಗಳಾಯಿತು. ಅಣ್ಣತಮ್ಮಂದಿರಲ್ಲಿ ಪಾಲಾದಾಗ ಇವರಿಗೆ ಮೂರು ಸೈಟು ಬಂತು, ಎರಡನ್ನು ಮಾರಿ ಮೂರನೆಯದರಲ್ಲಿ ಮನೆ ಎಬ್ಬಿಸಿದರು. ಇದಿಷ್ಟರಲ್ಲಿ ತಿಮ್ಮಯ್ಯನವರು ಬೆವರು ಸುರಿಸಿದ್ದು ಸಬ್‌ ರಿಜಿಸ್ಟ್ರಾರ್ ಆಫೀಸಿನ ಫ್ಯಾನಿಲ್ಲದ ವರಾಂಡದಲ್ಲಿ ಮಾತ್ರ.

ಆದರೆ ಅವರ ಬಾಯಲ್ಲಿ ಕೇಳಿದರೆ ಕಥೆಯೇ ಬೇರೆ. ಮನೆ ಕೇಳಿಕೊಂಡು ಬಂದ ಹುಡುಗರನ್ನು ಗೇಟಿನಲ್ಲೇ ನಿಲ್ಲಿಸಿಕೊಂಡು, ತಿಂಗಳಿಗೆ ಎಷ್ಟು ಉಳಿಸ್ತೀರಾ ಅಂತ ಕೇಳುತ್ತಿದ್ದರು. ಹುಡುಗರು ತಲೆ ಕೆರೆದುಕೊಂಡರೆ ಸಾಕು, ಶುರು. ತಾವು ಜೀವನದಲ್ಲಿ ಒಂದು ದಿನ ಹೋಟೆಲಿನಲ್ಲಿ ಎರಡನೇ ಕಾಫಿ ಕುಡಿದವರಲ್ಲ, ಒಂದು ಜತೆ ಚಪ್ಪಲಿಯನ್ನು ಮೂರು ವರ್ಷ ತೇಯಿಸಿದವರು, ಅದಕ್ಕೇ ಇವತ್ತು ಮೂರು ಅಂತಸ್ತು. ನಿಮ್ಮ ಕಾಲದವರು ಮೊಬೈಲಲ್ಲೇ ಬಿರಿಯಾನಿ ತರಿಸಿಕೊಂಡು ತಿಂತೀರಾ, ಆಮೇಲೆ ಸೈಟು ಇಲ್ಲ ಅಂತ ಅಳ್ತೀರಾ. ಹುಡುಗರು ಹೌದು ಸಾರ್, ಹೌದು ಸಾರ್ ಅನ್ನುತ್ತಿದ್ದರು. ಮನೆ ಬೇಕಾದವನು ಇನ್ನೇನು ಅಂದಾನು! ದಿನಕ್ಕೊಂದು ಕಾಫಿ ಬಿಟ್ಟರೆ ಎಷ್ಟು ಸಾವಿರ ವರ್ಷಕ್ಕೆ ನಾಯಂಡಹಳ್ಳಿಯಲ್ಲಿ ಒಂದು ಸೈಟು ಆಗುತ್ತದೆ ಅಂತ ಎದುರಿಗೆ ಕೇಳುವ ಧೈರ್ಯ ಯಾರೂ ಮಾಡಲಿಲ್ಲ.

ಅವರ ಕಾನೂನುಗಳಲ್ಲೆಲ್ಲ ದೊಡ್ಡದು ಮೊಳೆಯದ್ದು. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಹೊಡೆದವರ ಗತಿ ಮನೆ ಖಾಲಿ ಮಾಡುವ ದಿನ ಗೊತ್ತಾಗುತ್ತಿತ್ತು. ಸಾಮಾನೆಲ್ಲ ಟೆಂಪೋಗೆ ಹತ್ತಿಸಿದ ಮೇಲೆ ತಿಮ್ಮಯ್ಯನವರು ಟಾರ್ಚು ಹಿಡಿದು ಬರುತ್ತಿದ್ದರು. ಹಾಲ್, ರೂಮು, ಅಡುಗೆಮನೆ, ಬಚ್ಚಲು, ಎಲ್ಲ ಗೋಡೆ ಸವರಿ ತೂತು ಎಣಿಸುತ್ತಿದ್ದರು. ತೂತಿಗೆ ಇನ್ನೂರು, ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಿದ್ದರು. ಟೂತ್‌ಪೇಸ್ಟು ಮೆತ್ತಿ ತೂತು ಮುಚ್ಚಿದ ಚಾಲಾಕಿಗಳೂ ಇದ್ದರು. ತಿಮ್ಮಯ್ಯನವರು ಗೋಡೆ ಮೂಸಿ ಅದನ್ನೂ ಪತ್ತೆ ಮಾಡುತ್ತಿದ್ದರು.

ಇಂಥವರ ಒಬ್ಬನೇ ಮಗ ಯೋಗಾನಂದ. ನಲವತ್ತೆರಡು ವರ್ಷ, ರಾಜಾಜಿನಗರದ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ, ಒಳ್ಳೇ ಸಂಬಳ. ಆದರೆ ಕಾರಿಗೆ ಕಂತು, ಇಬ್ಬರು ಮಕ್ಕಳ ಸ್ಕೂಲ್ ಫೀಸಿಗೆ ಕಂತು, ಫ್ರಿಜ್ಜಿಗೆ ಕಂತು, ಒಂದು ಫೋನಿನ ಕಂತು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಫೋನಿನ ಕಂತು. ಸಂಬಳ ಒಂದನೇ ತಾರೀಕು ಬಂದು ಮುಖ ತೋರಿಸಿ ಐದನೇ ತಾರೀಕಿಗೆ ಹೊರಟುಬಿಡುತ್ತಿತ್ತು. ಹೆಂಡತಿ ಕುಸುಮಾ ಬಸವೇಶ್ವರನಗರದ ಸ್ಕೂಲೊಂದರಲ್ಲಿ ಟೀಚರು. ಅವಳ ಸಂಬಳಕ್ಕೆ ಐದನೇ ತಾರೀಕಿನ ತನಕವೂ ಆಯಸ್ಸಿರಲಿಲ್ಲ. ಇಷ್ಟಾದರೂ ಯೋಗಾನಂದನಿಗೆ ಮುಂದಿನ ಚಿಂತೆ ಅಂತ ಇರಲಿಲ್ಲ. ಅವನ ರಿಟೈರ್‌ಮೆಂಟ್ ಪ್ಲಾನು ಗೇಟಿನ ಬಳಿ ಚೇರು ಹಾಕಿಕೊಂಡು ಕೂತಿತ್ತಲ್ಲ!

ಅಪ್ಪ ಮಗನಿಗೆ ವಾರಕ್ಕೊಂದು ಸಲ ಇದೇ ಜಗಳ. ನಿನ್ನ ವಯಸ್ಸಿಗೆ ನಾನು ಎಂಟು ಮನೆಯ ಓನರ್ ಆಗಿದ್ದೆ, ನೀನೇನು ಮಾಡಿದೀಯ ಅಂತ ಅಪ್ಪ. ನಿಮ್ಮ ಕಾಲದಲ್ಲಿ ಎರಡು ವರ್ಷದ ಸಂಬಳಕ್ಕೆ ಸೈಟು ಸಿಗ್ತಿತ್ತು, ಈಗ ನಾನು ನಲವತ್ತು ವರ್ಷ ಉಪವಾಸ ದುಡಿದರೆ ಕಾರು ನಿಲ್ಲಿಸುವಷ್ಟು ಜಾಗ ಸಿಗಬಹುದು ಅಂತ ಮಗ. ಇಬ್ಬರದೂ ಮುಗಿದ ಮೇಲೆ ತಿಮ್ಮಯ್ಯನವರ ಹೆಂಡತಿ ಮುನಿತಾಯಮ್ಮ ಒಳಗಿನಿಂದ, ಇಬ್ಬರೂ ತಿಂತಾ ಇರೋದು ನಮ್ಮ ಮಾವ ಬಿತ್ತಿದ ರಾಗಿನೇ, ಬಂದು ಮುದ್ದೆ ನುಂಗಿ ಅನ್ನುತ್ತಿದ್ದರು. ಆ ಮನೆಯಲ್ಲಿ ಹಣಕಾಸಿನ ವಿಷಯ ಸರಿಯಾಗಿ ಅರ್ಥವಾಗಿದ್ದದ್ದು ಅವರೊಬ್ಬರಿಗೇ. ಯಾರೂ ಅವರನ್ನು ಕೇಳುತ್ತಿರಲಿಲ್ಲ ಅಷ್ಟೇ.

ಹೀಗಿರುವಾಗ ಮೆಟ್ರೋ ಬಂತು. ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆ ಅಂತ ಎದುರು ಮನೆಯವರು ಹಳೇದನ್ನು ಕೆಡವಿ ಐದು ಅಂತಸ್ತು ಕಟ್ಟಿದರು, ಲಿಫ್ಟು ಹಾಕಿಸಿದರು. ಯೋಗಾನಂದ ದಿನಾ ಆ ಲಿಫ್ಟು ನೋಡಿ ನೋಡಿ ಸೊರಗಿದ. ಕೊನೆಗೆ ಒಂದು ದಿನ ನಾವೂ ಕೆಡವೋಣ ಅಪ್ಪ, ಹದಿನೆಂಟು ಮನೆ ಬರುತ್ತೆ ಅಂದ. ಹದಿನೆಂಟು ಅನ್ನುವ ಸಂಖ್ಯೆ ಕೇಳಿದ್ದೇ ತಿಮ್ಮಯ್ಯನವರು ಆ ದಿನ ಊಟಕ್ಕೆ ಕೂತಾಗ ತುಪ್ಪ ಹಾಕಿಸಿಕೊಂಡರು. ಗೇಟಿನಲ್ಲಿ ಹದಿನೆಂಟು ಸಂಸಾರದ ಮೇಲೆ ಕಣ್ಣಿಡುವ ಯೋಗ ಎಷ್ಟು ಜನಕ್ಕಿರುತ್ತದೆ!

ಕಟ್ಟೋಕೆ ಸಾಲ ಬೇಕು. ಬ್ಯಾಂಕಿನಲ್ಲಿ ಕೂತಿದ್ದ ಹುಡುಗಿ, ತಿಮ್ಮಯ್ಯನವರ ಮೊಮ್ಮಗಳಾಗಿರಬಹುದಾದ ವಯಸ್ಸಿನವಳು, ಆಧಾರ್ ಕಾರ್ಡು ನೋಡಿ ನಗುನಗುತ್ತಲೇ ಹೇಳಿದಳು. ಎಪ್ಪತ್ತು ದಾಟಿದವರಿಗೆ ಇಪ್ಪತ್ತು ವರ್ಷದ ಸಾಲ ಕೊಡಲ್ಲ ಸಾರ್, ಆಸ್ತಿ ಮಗನ ಹೆಸರಿಗೆ ಮಾಡಿಕೊಡಿ, ಅವರಿಗೆ ನಾಳೆನೇ ಕೊಡ್ತೀವಿ. ಕೋಟಿಗಟ್ಟಲೆ ಬೆಲೆಯ ಜಾಗದ ಮೇಲೆ ಕೂತವನಿಗೆ ಸಾಲವಿಲ್ಲ, ಫ್ರಿಜ್ಜಿನ ಕಂತು ಕಟ್ಟುವವನಿಗೆ ಸಾಲ! ತಿಮ್ಮಯ್ಯನವರಿಗೆ ಈ ನ್ಯಾಯ ಅರ್ಥವೇ ಆಗಲಿಲ್ಲ. ಆದರೂ ಹದಿನೆಂಟರ ಆಸೆ. ದಾನಪತ್ರ ಬರೆಸಿ, ಕ್ಯಾಮರಾ ನೋಡಿ, ಹೆಬ್ಬೆಟ್ಟು ಒತ್ತಿ, ಇಡೀ ಆಸ್ತಿಯನ್ನು ಯೋಗಾನಂದನ ಹೆಸರಿಗೆ ಮಾಡಿಕೊಟ್ಟರು. ಬರುವಾಗ ಆಟೋದಲ್ಲಿ ಮುನಿತಾಯಮ್ಮ, ಇನ್ನು ಮೇಲೆ ಮನೆ ಯಾರದು ಅಂತ ಕೇಳಿದರು. ಕಾಗದದಲ್ಲಿ ಮಾತ್ರ ಅವನದು ಕಣೇ ಅಂದರು ತಿಮ್ಮಯ್ಯನವರು.

"ಮನೆ ಅನ್ನೋದು ಇರೋದೇ ಕಾಗದದಲ್ಲಿ ಅಲ್ವಾ?" ಅಂದರು ಮುನಿತಾಯಮ್ಮ. ತಿಮ್ಮಯ್ಯನವರು ಆಟೋದವನಿಗೆ ಮೀಟರ್ ಸರಿಯಾಗಿ ಓಡ್ತಾ ಇದೆಯಾ ಅಂತ ಕೇಳಿದರು.

ಬಾಡಿಗೆಯವರಿಗೆ ಎರಡು ತಿಂಗಳ ನೋಟಿಸು ಕೊಟ್ಟಾಯಿತು. ಒಬ್ಬೊಬ್ಬರೇ ಖಾಲಿ ಮಾಡತೊಡಗಿದರು. ಪ್ರತಿ ಸಲವೂ ತಿಮ್ಮಯ್ಯನವರು ಟಾರ್ಚು ಹಿಡಿದು ಹೋಗಿ ತೂತು ಎಣಿಸಿದರು, ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆಯನ್ನೂ ಮುರಿದುಕೊಂಡರು. ತಿಂಗಳೊಪ್ಪತ್ತಿನಲ್ಲಿ ಜೆಸಿಬಿ ಬಂದು ಗೋಡೆಯನ್ನೇ ಬೀಳಿಸುತ್ತದೆ, ಬೀಳುವ ಗೋಡೆಗೆ ಯಾವ ಪೇಂಟು ಹೊಡೆಸ್ತೀರಿ ಅಂತ ಮುನಿತಾಯಮ್ಮ ಕೇಳಿದ್ದಕ್ಕೆ, ರೂಲ್ಸ್ ಅಂದ್ರೆ ರೂಲ್ಸ್ ಅಂದುಬಿಟ್ಟರು. ಹಿಂದಿನ ಒಂಟಿ ರೂಮಿನ ರುದ್ರೇಶನೊಬ್ಬ ಉಳಿದಿದ್ದ. ಕೊಪ್ಪಳದ ಕಡೆಯವನು, ಊಟದ ಪಾರ್ಸೆಲ್ ತಲುಪಿಸುವ ಕೆಲಸ, ಹೆಂಡತಿ ಶಿಲ್ಪಾ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಎಂಟು ವರ್ಷ ಇದ್ದು ಒಂದು ಮೊಳೆ ಹೊಡೆಯದ ಏಕೈಕ ಬಾಡಿಗೆದಾರ. ಅವನ ಮೇಲೆ ತಿಮ್ಮಯ್ಯನವರಿಗೆ ಗೌರವವಿತ್ತು, ಸಂಶಯವೂ ಇತ್ತು.

ಇನ್ನು ತಮ್ಮ ಸಂಸಾರ ಹದಿನಾಲ್ಕು ತಿಂಗಳು ಎಲ್ಲಿರಬೇಕು? ಬಾಡಿಗೆ ಮನೆಯಲ್ಲಿ. ಹುಡುಕುವ ಜವಾಬ್ದಾರಿಯನ್ನು ತಿಮ್ಮಯ್ಯನವರು ಮೀಸೆ ಮೇಲೆ ಕೈಯಾಡಿಸಿಕೊಂಡು ತಾವೇ ವಹಿಸಿಕೊಂಡರು. ಮೂವತ್ತೆಂಟು ವರ್ಷ ಮನೆ ಕೊಟ್ಟವನಿಗೆ ಮನೆ ತಗೊಳ್ಳೋದು ಹೇಳಿಕೊಡ್ತೀಯಾ ಅಂತ ಮಗನ ಬಾಯಿ ಮುಚ್ಚಿಸಿದರು. ಆಷಾಢ ಶುರುವಾಗೋಕೆ ಇಪ್ಪತ್ತಾರು ದಿನವಿತ್ತು. ಆಷಾಢದಲ್ಲಿ ಹಾಲು ಉಕ್ಕಿಸಿ ಮನೆ ಹೊಕ್ಕುವ ಹಾಗಿಲ್ಲ, ಜೆಸಿಬಿಯವನಿಗೆ ಅಡ್ವಾನ್ಸು ಕೊಟ್ಟಾಗಿದೆ, ಅಷ್ಟರೊಳಗೆ ಮನೆ ಸಿಗಲೇಬೇಕು. ಎಲ್ಲರಿಗೂ ಒಟ್ಟಿಗೆ, ಎರಡು ರೂಮು, ಹನ್ನೆರಡು ಸಾವಿರದೊಳಗೆ ಅಂತ ತಿಮ್ಮಯ್ಯನವರು ನಿರ್ಧರಿಸಿದರು.

ಹನ್ನೆರಡು ಸಾವಿರ ಅಂದಾಗ ಬಾಪೂಜಿ ನಗರದ ಮೊದಲನೇ ಓನರ್ ನಕ್ಕ. ಬಾಡಿಗೆ ಮೂವತ್ತು, ಅಡ್ವಾನ್ಸು ಮೂರು ಲಕ್ಷ. ಕಾರಿಗೆ ಬೇರೆ, ನೀರಿಗೆ ಬೇರೆ, ಮೆಟ್ಟಿಲು ಗುಡಿಸೋಕೆ ಬೇರೆ. ತಿಮ್ಮಯ್ಯನವರು ಹಗಲು ದರೋಡೆ, ಈ ಓನರ್‌ಗಳಿಗೆ ಮನುಷ್ಯತ್ವವೇ ಇಲ್ಲ ಅಂತ ರಸ್ತೆಯಲ್ಲೇ ಕೂಗಾಡಿದರು. ಸಂಜೆ ಮನೆಗೆ ಬಂದು, ನಮ್ಮ ಹೊಸ ಬಿಲ್ಡಿಂಗಿನಲ್ಲಿ ಎಷ್ಟು ಇಡಬೇಕು ಅಂತಿದೀಯ ಅಂತ ಮಗನನ್ನು ಕೇಳಿದರು. ಮೂವತ್ತೆರಡು ಅಂದ ಯೋಗಾನಂದ. ಮೂವತ್ತೈದು ಇಡು ಅಂದರು.

ದುಡ್ಡಿನದೇ ತೊಂದರೆಯಾಗಿದ್ದರೆ ಹೇಗೋ ಆಗುತ್ತಿತ್ತು. ಅಡ್ವಾನ್ಸಿಗೆ ಕುಸುಮಾಳ ಬಳೆ ಬ್ಯಾಂಕಿಗೆ ಹೋಯಿತು. ವಿಚಿತ್ರವೆಂದರೆ, ದುಡ್ಡು ಕೊಡ್ತೀವಿ ಅಂದರೂ ಮನೆ ಸಿಗಲಿಲ್ಲ. ಎರಡನೇ ಮನೆಯ ಓನರ್ ನಾಗಭೂಷಣ್, ಮೂವತ್ತೈದರ ಹುಡುಗ, ಚಡ್ಡಿಯಲ್ಲೇ ಕೆಳಗಿಳಿದು ಬಂದ. ಎಷ್ಟು ಜನ ಅಂತ ಕೇಳಿದ. ಆರು ಜನ ಅಂದರು ತಿಮ್ಮಯ್ಯನವರು. ಹುಡುಗ ಅವರನ್ನು ಮೇಲಿಂದ ಕೆಳಗೆ ನೋಡಿ, ವಯಸ್ಸೆಷ್ಟು ಅಂಕಲ್ ಅಂದ. ಆಮೇಲೆ ಬೀಪಿ ಇದೆಯಾ, ಶುಗರ್ ಇದೆಯಾ, ಆಂಟಿ ಹುಷಾರಾಗಿದಾರಾ ಅಂತ ಡಾಕ್ಟರ ಹಾಗೆ ವಿಚಾರಿಸಿದ. ಎಷ್ಟು ಒಳ್ಳೇ ಹುಡುಗ, ಹಿರಿಯರ ಮೇಲೆ ಎಷ್ಟು ಕಾಳಜಿ ಅಂದುಕೊಂಡರು ತಿಮ್ಮಯ್ಯನವರು. ಮನೇಲಿ ಮಾತಾಡಿ ಫೋನ್ ಮಾಡ್ತೀನಿ ಅಂಕಲ್ ಅಂದ. ಈ ಮಾತು ಅವರಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಯಾಕೆಂದರೆ ಬೇಡದ ಬಾಡಿಗೆಯವರನ್ನು ಸಾಗಹಾಕೋಕೆ ಮೂವತ್ತೆಂಟು ವರ್ಷ ಅವರು ಹೇಳುತ್ತಿದ್ದದ್ದೂ ಇದನ್ನೇ. ಫೋನು ಬರಲಿಲ್ಲ.

ಮೂರನೇ ಮನೆಯಲ್ಲೂ ಹಾಗೇ ಆಯಿತು, ಆರನೇ ಮನೆಯಲ್ಲೂ ಹಾಗೇ. ಗೇಟಿನಲ್ಲಿ ನಗುಮುಖ, ವಯಸ್ಸು ಕೇಳಿದ ಮೇಲೆ ಮನೇಲಿ ಮಾತಾಡಬೇಕು. ಒಂದು ಕಡೆಯಂತೂ ಬೋರ್ಡು ನೇತಾಡುತ್ತಿರುವಾಗಲೇ ನಿನ್ನೆ ಹೋಯ್ತು ಅಂದರು. ಹದಿನೈದು ದಿನ ಕಳೆಯಿತು. ತಿಮ್ಮಯ್ಯನವರು ಕೊನೆಗೆ ತಾವು ಜನ್ಮದಲ್ಲಿ ಮಾಡದ ಕೆಲಸ ಮಾಡಿದರು, ಬ್ರೋಕರ್ ಹತ್ತಿರ ಹೋದರು.

ಬ್ರೋಕರ್ ಮುರುಗೇಶನ ಆಫೀಸು ಅಂದರೆ ವಿಜಯನಗರದ ಒಂದು ಜೆರಾಕ್ಸ್ ಅಂಗಡಿಯ ಮುಂದಿನ ಸ್ಟೂಲು. ಅವನು ಎಲ್ಲ ಕೇಳಿಕೊಂಡು, ಟೀ ಕುಡಿದು, ಲೋಟ ಕೆಳಗಿಟ್ಟು, ಯಾವ ಮುಲಾಜೂ ಇಲ್ಲದೆ ಹೇಳಿದ.

"ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ವಯಸ್ಸಾದವರಿದ್ರೆ ಯಾರೂ ಕೊಡಲ್ಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆಗಿ, ನಕ್ಷತ್ರ ಸರಿ ಇಲ್ಲ ಅಂದ್ರೆ, ಓನರ್ ಗತಿ ಏನು?"

ತಿಮ್ಮಯ್ಯನವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಧನಿಷ್ಠಾ ಪಂಚಕ. ಕೆಲವು ನಕ್ಷತ್ರಗಳಲ್ಲಿ ಮನೆಯೊಳಗೆ ಸಾವಾದರೆ ಆ ಮನೆಗೆ ಬೀಗ ಹಾಕಬೇಕು, ಮೂರು ತಿಂಗಳೋ ಆರು ತಿಂಗಳೋ ಒಳಗೆ ದೀಪ ಹಚ್ಚುವ ಹಾಗಿಲ್ಲ ಅಂತ ಜನ ನಂಬುತ್ತಾರೆ. ಬೀಗ ಬಿದ್ದ ಮನೆಗೆ ಬಾಡಿಗೆ ಯಾರು ಕೊಡುತ್ತಾರೆ? ಬೀಗ ತೆಗೆದ ಮೇಲೂ ಹೊಸಬರು ಬರೋಕೆ ಹಿಂದೆಮುಂದೆ ನೋಡುತ್ತಾರೆ. ತಿಂಗಳಿಗೆ ಮೂವತ್ತರ ಹಾಗೆ ಆರು ತಿಂಗಳು ಅಂದರೆ ಒಂದು ಲಕ್ಷದ ಎಂಬತ್ತು ಸಾವಿರ. ಓನರುಗಳಿಗೆಲ್ಲ ತಿಮ್ಮಯ್ಯನವರು ಮನುಷ್ಯರ ಹಾಗೆ ಕಾಣುತ್ತಿರಲಿಲ್ಲ, ನಡೆದಾಡುವ ಒಂದು ಲಕ್ಷದ ಎಂಬತ್ತು ಸಾವಿರದ ನಷ್ಟದ ಹಾಗೆ ಕಾಣುತ್ತಿದ್ದರು. ಅಯ್ಯೋ ಶಿವನೇ, ನಾಗಭೂಷಣನಿಗೆ ನನ್ನ ಬೀಪಿ ಯಾಕೆ ಬೇಕಿತ್ತು ಅಂತ ಈಗ ಅವರಿಗೆ ಹೊಳೆಯಿತು.

ವಾಪಸು ಹೋಗೋಕೆ ಬಸ್ಸಿಗೆ ನಿಂತಿದ್ದಾಗ ರುದ್ರೇಶ ಸ್ಕೂಟರಿನಲ್ಲಿ ಅದೇ ದಾರಿಯಲ್ಲಿ ಬಂದ. ಬರ್ರಿ ಓನರ್ರ, ಬಿಡ್ತೀನಿ ಅಂತ ಬ್ಯಾಗು ಮುಂದಕ್ಕೆ ಇಟ್ಟುಕೊಂಡು ಜಾಗ ಮಾಡಿಕೊಟ್ಟ. ಅವನಿಗೆ ಕೆಂಗೇರಿ ಆಚೆ ಮನೆ ಸಿಕ್ಕಿತ್ತಂತೆ. ಎರಡೇ ದಿನದಲ್ಲಿ. ಇಬ್ಬರಿಗೂ ದುಡಿಮೆ ಇದೆ, ವಯಸ್ಸು ಚಿಕ್ಕದು, ಯಾರೂ ಹೆಚ್ಚಿಗೆ ಕೇಳಲಿಲ್ಲ ಅಂದ. ತಿಮ್ಮಯ್ಯನವರಿಗೆ ತಡೆಯಲಾಗಲಿಲ್ಲ. ಟ್ರಾಫಿಕ್ಕಿನಲ್ಲಿ ಸ್ಕೂಟರ್ ನಿಂತಾಗ ಅವನ ಬೆನ್ನಿಗೆ ಎಲ್ಲವನ್ನೂ ಹೇಳಿಕೊಂಡರು. ಜನ ಎಂಥ ಕಟುಕರಾಗಿಬಿಟ್ಟಿದ್ದಾರೆ, ಬದುಕಿರುವವನ ಎದುರಿಗೇ ಅವನ ಸಾವಿನ ನಕ್ಷತ್ರ ನೋಡ್ತಾರಲ್ಲ ಅಂತ ಅಲವತ್ತುಕೊಂಡರು. ರುದ್ರೇಶ ಸಿಗ್ನಲ್ ಬಿಟ್ಟ ಮೇಲೆ, ಸಿಟ್ಟಿಲ್ಲದೆ ಹೇಳಿದ.

"ನಮ್ಮವ್ವ ಗುರವ್ವನ್ನ ಹಾರ್ಟ್ ತೋರ್ಸಾಕ ಕರ್ಕೊಂಡ್ ಬಂದಾಗ ನೀವೂ ಇದನ್ನ ಅಂದಿದ್ರಿ ಓನರ್ರ. ವಾರದಾಗ ಊರಿಗೆ ಕಳ್ಸು, ಇಲ್ಲೇ ಏನರ ಆದ್ರ ನನಗ ತೊಂದ್ರಿ ಅಂತ. ಕಳ್ಸಿದ್ನಲ್ಲ."

ತಿಮ್ಮಯ್ಯನವರಿಗೆ ಅದು ನೆನಪಿತ್ತು. ನೆನಪಿಲ್ಲದಿದ್ದರೆ ಚೆನ್ನಾಗಿರುತ್ತಿತ್ತು. ಗುರವ್ವ ಈಗ ಹೇಗಿದಾರೆ ಅಂತ ಕೇಳಬೇಕು ಅನ್ನಿಸಿತು, ಕೇಳೋಕೆ ಭಯವಾಯಿತು. ಮನೆ ಮುಂದೆ ಇಳಿದು, ಬಾ ಒಂದು ಕಾಫಿ ಕುಡಿದು ಹೋಗು ಅಂದರು. ಎಂಟು ವರ್ಷದಲ್ಲಿ ಮೊದಲನೇ ಸಲ. ಆರ್ಡರ್ ಐತಿ ಓನರ್ರ, ಲೇಟಾದ್ರ ರೊಕ್ಕ ಹಿಡೀತಾರ ಅಂದು ರುದ್ರೇಶ ಹೊರಟುಹೋದ.

ಆಷಾಢಕ್ಕೆ ಆರು ದಿನವಿದೆ ಅನ್ನುವಾಗ ಮುರುಗೇಶ ಫೋನ್ ಮಾಡಿದ, ತಿಮ್ಮಯ್ಯನವರಿಗಲ್ಲ, ಯೋಗಾನಂದನಿಗೆ. ವಿಜಯನಗರದಲ್ಲಿ ಒಳ್ಳೇ ಮನೆ, ಓನರ್ ಶೈಲಾ ಅಂತ, ಮೇಲಿನ ಮನೆಯಲ್ಲೇ ಇರ್ತಾರೆ, ಮರ್ಯಾದಸ್ಥರು. ನಾಲ್ಕು ಜನ ಅಂತ ಹೇಳಿದೀನಿ ಅಂದ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಅಗ್ರಿಮೆಂಟಿನಲ್ಲಿ ಆ ನಾಲ್ಕೇ ಹೆಸರು. ಯಜಮಾನ್ರು, ಅಮ್ಮಾವ್ರು ನೆಂಟರ ಹಾಗೆ ಬಂದು ಹೋಗಿ ಮಾಡ್ಲಿ, ಸ್ವಲ್ಪ ದಿನ ಬೇರೆ ಯಾರಾದ್ರೂ ನೆಂಟರ ಮನೆ, ಸ್ವಲ್ಪ ದಿನ ಇಲ್ಲಿ. ಎರಡು ಮೂರು ತಿಂಗಳಲ್ಲಿ ಓನರಿಗೂ ಅಭ್ಯಾಸ ಆಗಿಬಿಡುತ್ತೆ ಸಾರ್ ಅಂದ.

ಇದನ್ನು ಕೇಳಿ ತಿಮ್ಮಯ್ಯನವರು ಮನೆ ಹಾರಿಹೋಗುವ ಹಾಗೆ ಕೂಗಿದರು. ನನ್ನ ಮಗನ ಮನೆಗೆ ನಾನು ನೆಂಟನಾ? ಈ ಮನೆಯ ಯಜಮಾನ ಯಾರು ಅಂತ ತಿಳಿದಿದೀಯ? ಯೋಗಾನಂದ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ. ಅವನು ಕೆಟ್ಟವನಲ್ಲ. ಕಂತುಗಳ ನಡುವೆ ಸಿಕ್ಕಿಹಾಕಿಕೊಂಡು ಒಂದು ಹೊತ್ತು ನೆಮ್ಮದಿಯಾಗಿ ಉಂಡು ಎಷ್ಟೋ ವರ್ಷವಾಗಿತ್ತು, ಅಷ್ಟೇ. ಬಿಲ್ಡಿಂಗ್ ಸಾಲದ ಮೊದಲ ಕಂತು ಮುಂದಿನ ತಿಂಗಳೇ ಶುರು, ಒಂದು ತಿಂಗಳು ತಡವಾದರೆ ಅಷ್ಟೂ ದುಡ್ಡು ನೀರಲ್ಲಿ ಹೋಮ. "ಅಪ್ಪ, ಹದಿನಾಲ್ಕು ತಿಂಗಳು ಅಷ್ಟೇ" ಅಂದ. "ಕಾಗದದಲ್ಲಿ ಹೆಸರಿಲ್ಲ ಅಷ್ಟೇ ಅಪ್ಪ. ಮನೇಲಿ ನೀವೇ ಇರ್ತೀರಲ್ಲ."

ಆ ರಾತ್ರಿ ತಿಮ್ಮಯ್ಯನವರು ಊಟ ಮಾಡಲಿಲ್ಲ. ಬೆಳಿಗ್ಗೆ ಎಂದಿನಂತೆ ಐದಕ್ಕೆ ಎದ್ದು ಮೋಟರ್ ಹಾಕಿದರು, ಖಾಲಿ ಕಟ್ಟಡದಲ್ಲಿ ಇಷ್ಟೊಂದು ನೀರು ಯಾರಿಗೆ ಅಂತ ನೆನಪಾಗಿ ಆರಿಸಿದರು. ರುದ್ರೇಶನೂ ಹೋಗಿದ್ದ, ಎಂಟೂ ಮನೆಯ ಬಾಗಿಲು ತೆಗೆದೇ ಇತ್ತು. ಒಂದರೊಳಗೆ ಹೋಗಿ ಸುಮ್ಮನೆ ನಿಂತರು. ಮಗನ ಜತೆ ಇರಬೇಕು ಅಂದರೆ ಇಲ್ಲದವನ ಹಾಗೆ ಇರಬೇಕು; ಇರಲ್ಲ ಅಂದರೆ ಎಲ್ಲಿಗೆ ಹೋಗಬೇಕು? ಎಂಟು ಮನೆ ಇದ್ದ ಮನುಷ್ಯ ಕೇಳಿಕೊಳ್ಳುವ ಪ್ರಶ್ನೆಯೇ ಇದು! ಅವರಿಗೆ ಅಳು ಬಂತು. ಯಾರೂ ನೋಡುವವರಿಲ್ಲ ಅಂತ ಅತ್ತೂಬಿಟ್ಟರು. ಆಮೇಲೆ ಕೆಳಗೆ ಬಂದು, ಸರಿ ಸೈನ್ ಮಾಡಿಬಿಡು ಅಂತ ಮಗನಿಗೆ ಹೇಳಿದರು. ಮುನಿತಾಯಮ್ಮ ಅವರ ಮುಖ ನೋಡಿ ಬಿಸಿ ಕಾಫಿ ತಂದುಕೊಟ್ಟರು.

ಹಾಲು ಉಕ್ಕಿಸುವ ದಿನ ಬಂತು. ಆಷಾಢಕ್ಕೆ ಎರಡೇ ದಿನ ಬಾಕಿ. ಬೆಳಿಗ್ಗೆ ಆರೂವರೆ ಮುಹೂರ್ತ. ಗಣಪತಿ ಫೋಟೋ, ಒಂದು ಬಿಂದಿಗೆ ನೀರು, ಹೊಸ ಪಾತ್ರೆ, ಸ್ಟೌವು ಇಷ್ಟನ್ನೇ ಮೊದಲು ತಂದಿದ್ದರು. ಶೈಲಾ ಮೇಡಂ ನೋಡಿದರೆ ಕಷ್ಟ ಅಂತ ಕುಸುಮಾ ಅತ್ತೆಮಾವನಿಗೆ ದಾರಿಯಲ್ಲೇ ಪಾಠ ಹೇಳಿದ್ದಳು. ಕೇಳಿದರೆ ಹಾಲು ಉಕ್ಕಿಸೋಕೆ ಊರಿಂದ ಬಂದಿದೀವಿ ಅನ್ನಬೇಕು. ಯಾವ ಊರು ಅಂದರೆ ಮಾಗಡಿ ಹತ್ತಿರ ಅನ್ನಬೇಕು. ನಾಯಂಡಹಳ್ಳಿ ಅಂದರೆ ಕೆಲಸ ಕೆಡುತ್ತದೆ. ಬೆಳಿಗ್ಗೆ ಬಂದು ಸಂಜೆ ಹೋಗುವಷ್ಟು ಹತ್ತಿರದಲ್ಲಿ ಸ್ವಂತ ಊರಿರುವವರು ನೆಂಟರ ಹಾಗೆ ಯಾಕೆ ಉಳಿಯುತ್ತಾರೆ ಅಂತ ಯಾರಿಗಾದರೂ ಅನುಮಾನ ಬರುತ್ತದೆ. ತಿಮ್ಮಯ್ಯನವರು ಹುಂ ಅಂದಿದ್ದರು. ಮೊಮ್ಮಕ್ಕಳಿಗಂತೂ ಇದು ಒಳ್ಳೇ ಆಟವಾಗಿತ್ತು. ತಾತ, ಬಸ್ಸಲ್ಲಿ ಬಂದ್ರಾ ಅಂತ ಕೇಳಿ ಕೇಳಿ ನಗುತ್ತಿದ್ದವು.

ಹಾಲು ಪೂರ್ವಕ್ಕೇ ಉಕ್ಕಿತು. ಕುಸುಮಾ ಕೈ ಮುಗಿದಳು. ಮುನಿತಾಯಮ್ಮ ಸ್ಟೌವಿನ ಮೇಲೆ ಸುರಿದ ಹಾಲನ್ನು ಒರೆಸುತ್ತಿದ್ದಾಗ ಶೈಲಾ ಮೇಡಂ ಹೂವು, ಬಾಳೆಹಣ್ಣು ಹಿಡಿದುಕೊಂಡು ಬಂದರು. ಐವತ್ತರ ಸುಮಾರಿನ ಹೆಂಗಸು, ನಗುಮುಖ, ಕೆಟ್ಟ ಮಾತಾಡುವವರಲ್ಲ. ಮಕ್ಕಳ ಕೆನ್ನೆ ಸವರಿದರು, ಒಳ್ಳೇದಾಗಲಿ ಅಂದರು. ಆಮೇಲೆ ಕಿಟಕಿಯ ಬಳಿ ನೆಲದ ಮೇಲೆ ಕೂತಿದ್ದ ತಿಮ್ಮಯ್ಯನವರತ್ತ ತಿರುಗಿದರು. ಇವರು ನಮ್ಮ ಮಾವ, ಊರಿಂದ ಬಂದಿದಾರೆ ಅಂದಳು ಕುಸುಮಾ, ಸ್ವಲ್ಪ ಜೋರಾಗಿಯೇ.

"ಯಾವೂರು ತಾತ?"

ತಿಮ್ಮಯ್ಯನವರು ಬಾಯಿ ತೆರೆದರು. ಹುಟ್ಟಿದ ಊರು, ಅಪ್ಪ ಸತ್ತ ಊರು, ಇಲ್ಲಿಂದ ಮೆಟ್ರೋ ಹತ್ತಿದರೆ ಕಾಲು ಗಂಟೆಗೆ ಸಿಗುವ ಊರು. ಮಗ ತಮ್ಮನ್ನೇ ನೋಡುತ್ತಿದ್ದಾನೆ ಅಂತ ಗೊತ್ತಾಯಿತು. ಮಾಗಡಿ ಹತ್ತಿರ ತಾಯಿ ಅಂದರು.

ಶೈಲಾ ಮೇಡಂ ಅಲ್ಲಿಗೇ ಬಿಡಬಹುದಿತ್ತು. ಅವರಿಗೆ ಹಿರಿಯರನ್ನು ಮಾತಾಡಿಸುವ ಅಭ್ಯಾಸ. ಪಕ್ಕದಲ್ಲೇ ಕೂತು, ಊರಲ್ಲಿ ಸ್ವಂತ ಮನೆ ಇದೆಯಾ ತಾತ ಅಂತ ಅಕ್ಕರೆಯಿಂದ ಕೇಳಿದರು. ಈ ಒಂದು ಪ್ರಶ್ನೆಗೆ ಉತ್ತರ ಹೇಳೋಕೆ ಅಂತಲೇ ತಿಮ್ಮಯ್ಯನವರು ಮೂವತ್ತೆಂಟು ವರ್ಷ ಗೇಟಿನಲ್ಲಿ ಚೇರು ಹಾಕಿದ್ದರು. ಎಷ್ಟು ಅಂತಸ್ತು, ಎಷ್ಟು ಮನೆ, ಸಂಪು ಎಷ್ಟು ಸಾವಿರ ಲೀಟರು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಅವರು ಯೋಗಾನಂದನ ಕಡೆ ನೋಡಿದರು. ಯೋಗಾನಂದ ಸ್ಟೌವಿನ ಗ್ಯಾಸು ಆಫ್ ಆಗಿದೆಯಾ ಅಂತ ಎರಡನೇ ಸಲ ನೋಡುತ್ತಿದ್ದ.

"ಇತ್ತು ತಾಯಿ" ಅಂದರು ತಿಮ್ಮಯ್ಯನವರು.

ಶೈಲಾ ಮೇಡಂ ಛೇ ಪಾಪ ಅಂದರು. ಎದ್ದು ಹೋಗುವಾಗ ಬಾಗಿಲ ಹತ್ತಿರ ಯೋಗಾನಂದನನ್ನು ಕರೆದು, ತಮ್ಮ ಮಟ್ಟಿಗೆ ಮೆಲ್ಲಗೆ, ಆದರೆ ಆ ಖಾಲಿ ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ವಯಸ್ಸಾದವರು, ಒಂದೆರಡು ದಿನ ಜಾಸ್ತಿ ಇದ್ರೂ ಇರ್ಲಿ ಬಿಡಿ. ನಾನೇನೂ ಅನ್ಕೊಳಲ್ಲ."

ಇವರು ನಮ್ಮಪ್ಪ, ಇವರು ಇಲ್ಲೇ ಇರ್ತಾರೆ ಅಂತ ಈಗ ಹೇಳುತ್ತಾನೆ ಅಂದುಕೊಂಡು ತಿಮ್ಮಯ್ಯನವರು ಮಗನ ಬೆನ್ನನ್ನೇ ನೋಡಿದರು. ಯೋಗಾನಂದ ಎರಡೂ ಕೈ ಜೋಡಿಸಿ, "ತುಂಬಾ ಥ್ಯಾಂಕ್ಸ್ ಮೇಡಂ" ಅಂದ.